ಜಡೆ ಮಾಸ್ಟ್ರು ಕಟ್ಟಿದ ಮನೆ

ಕಳೆದ ತಿಂಗಳು ಕಾಪುವಿನಲ್ಲಿ ತೀರಿಕೊಂಡ ಒಬ್ಬ ಅಜ್ಜಿಯ ಉತ್ತರಕ್ರಿಯೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಅಜ್ಜಿಯ ಮೊಮ್ಮಗ ಕುಳಿತಿದ್ದ, ಮದುವೆಯ ವಯಸ್ಸಿನ ತರುಣ. ನನ್ನ ಕತ್ತಿನ ಶಿಲುಬೆಯನ್ನು ನೋಡಿ, “ನೀವು ಅಜ್ಜಿಗೆ ಎಂತ ಆಗ್ಬೇಕು?” ಎಂದು ಕೇಳಿದ.

“ಎಂತದೂ ಆಗ್ಬೇಕಂತ ಇಲ್ಲ. ನಿಮ್ಮ ಅಜ್ಜ ಮತ್ತು ನಾನು ಹಿರಿಯಡ್ಕದಲ್ಲಿ ಒಂದೇ ಶಾಲೆಯಲ್ಲಿ ಮಾಸ್ಟ್ರುಗಳಾಗಿದ್ದೆವು.”

ಅವನು ಉಣ್ಣುವುದನ್ನು ಬಿಟ್ಟು ನನ್ನ ಕಡೆಗೆ ತಿರುಗಿದ. “ಅಜ್ಜನನ್ನು ನೋಡಿದ್ದೀರಾ? ನಮ್ಮಲ್ಲಿ ಅವರ ಒಂದು ಫೋಟೋ ಕೂಡ ಇಲ್ಲ ಮಾರಾಯ್ರೆ. ಹೇಗಿದ್ದರು ಅವರು?”

“ಒಳ್ಳೆಯವರು,” ಎಂದೆ. ಅಷ್ಟರಲ್ಲಿ ಪಾಯಸ ಬಂತು, ನಾನು ಬಚಾವಾದೆ.

ಬಸ್ಸಿನಲ್ಲಿ ಕಾರ್ಕಳಕ್ಕೆ ಹಿಂದಿರುಗುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಜೀವಮಾನವಿಡೀ ಮಕ್ಕಳಿಗೆ ‘ವಿವರಿಸಿ ಬರೆಯಿರಿ’ ಎಂದು ಗದರಿಸಿ ಅಂಕ ಕಡಿದವನು ನಾನು. ಅಜ್ಜ ಹೇಗಿದ್ದರು ಎಂದು ಮೊಮ್ಮಗ ಕೇಳಿದರೆ ಒಂದು ಪದ ಹೇಳಿ ಪಾಯಸ ಕುಡಿದು ಬಂದೆ. ವಿವರಿಸುವ ಧೈರ್ಯ ಇರಲಿಲ್ಲ ಎಂಬುದೇ ನಿಜ. ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರ ಕುಟುಂಬದವರು ಇನ್ನೂ ಹಿರಿಯಡ್ಕದ ಆಸುಪಾಸಿನಲ್ಲಿದ್ದಾರೆ, ಮತ್ತು ಅವರು ಕೆಟ್ಟ ಜನರಲ್ಲ.

ಶಾಲೆಯ ಮಕ್ಕಳು ಅವರನ್ನು ಜಡೆ ಮಾಸ್ಟ್ರು ಎನ್ನುತ್ತಿದ್ದರು. ಐವತ್ತರ ದಶಕದ ಕೊನೆಯಲ್ಲಿ ನಾನು ಟ್ರೈನಿಂಗ್ ಮುಗಿಸಿ ಆ ಶಾಲೆಗೆ ಸೇರಿದಾಗ ಅವರಿಗೆ ನಲವತ್ತರ ಹತ್ತಿರ. ಎತ್ತರದ, ತೆಳ್ಳಗಿನ ಆಳು. ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು, ಎರಡೂ ಕೈ ಬೀಸಿ ನಡೆಯುತ್ತಿದ್ದರು. ಅವರಿಗೆ ಮೂವರು ಹೆಣ್ಣುಮಕ್ಕಳು. ಬೆಳಗ್ಗೆ ಏಳೂವರೆಗೆ ಅವರ ಮನೆಯ ಮುಂದೆ ಹೋದರೆ, ಮಾಸ್ಟ್ರು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಒಬ್ಬೊಬ್ಬಳನ್ನೇ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಎಣ್ಣೆ ಹಚ್ಚಿ ಎರಡು ಜಡೆ ಹೆಣೆಯುವುದು ಕಾಣುತ್ತಿತ್ತು. ಗಂಡಸು ಹೆಣ್ಣುಮಕ್ಕಳ ತಲೆ ಬಾಚುವುದೆಂದರೆ ಆ ಕಾಲದಲ್ಲಿ ಊರೆಲ್ಲ ನಗುವ ವಿಷಯ. ನಮ್ಮ ಹೆಡ್‌ಮಾಸ್ಟ್ರು ಹಾಜರಿ ಪುಸ್ತಕ ಮುಂದಿಡುವಾಗ ದಿನಾ ಕೆಣಕುತ್ತಿದ್ದರು.

“ಎಂತ ಮಾಸ್ಟ್ರೇ, ಇವತ್ತು ಎಷ್ಟು ಜಡೆ ಆಯ್ತು?”

“ಆರು. ಒಂದೊಂದು ತಲೆಗೆ ಎರಡೆರಡು. ನಿಮ್ಮಲ್ಲಿ?”

ಹೆಡ್‌ಮಾಸ್ಟ್ರ ತಲೆ ನುಣ್ಣಗೆ ಬೋಳು. ಉಳಿದವರು ನಗು ತಡೆಯಲು ಕಿಟಕಿಯ ಹತ್ತಿರ ಹೋಗುತ್ತಿದ್ದೆವು.

ಶುಕ್ರವಾರ ಸಂಜೆಯ ಬಸ್ಸಿನಲ್ಲಿ ಮಲ್ಲಿಗೆ ಬರುತ್ತಿತ್ತು. ಹೆಂಡತಿಗೆ ಹೂ ಕೊಳ್ಳುವ ಬೇರೆ ಗಂಡಸರು ಅದನ್ನು ಕೊಡೆಯೊಳಗೆ ಬಚ್ಚಿಟ್ಟು ಒಯ್ಯುತ್ತಿದ್ದರು. ಇವರು ಬಾಳೆಯೆಲೆಯ ಕಟ್ಟನ್ನು ಅಂಗೈಯಲ್ಲಿಟ್ಟು ಪೇಟೆಯ ನಡುವೆಯೇ ನಡೆದು ಹೋಗುತ್ತಿದ್ದರು. ಅವರ ಹೆಂಡತಿಯದು ಕಾಪು. ನಾನು ಅಕ್ಕ ಎನ್ನುತ್ತಿದ್ದೆ. ಕಡಲ ಬದಿಯಲ್ಲಿ ಬೆಳೆದವರಿಗೆ ನಮ್ಮ ಗುಡ್ಡದ ಊರಿನಲ್ಲಿ ಗಾಳಿ ಸಾಲುತ್ತಿರಲಿಲ್ಲ. ಸೆಖೆಯ ದಿನಗಳಲ್ಲಿ ಅಕ್ಕ ಒಲೆಯ ಮುಂದೆ ಕುಳಿತರೆ ಮಾಸ್ಟ್ರು ಹಿಂದೆ ನಿಂತು ಅಡಿಕೆ ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಅಪ್ಪ ಅಂಥ ಕೆಲಸ ಮಾಡಿದ್ದರೆ ನಮ್ಮೂರು ಕುಕ್ಕುಂದೂರಿನಲ್ಲಿ ಅದು ಇಗರ್ಜಿಯ, ಎಂದರೆ ಚರ್ಚಿನ, ಮೆಟ್ಟಿಲ ಮೇಲೆ ಒಂದು ವರ್ಷದ ಸುದ್ದಿಯಾಗುತ್ತಿತ್ತು.

“ಹೇಗಿದ್ದೀರಿ ಮಾಸ್ಟ್ರೇ” ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ: “ಉಸಿರು ಉಂಟು. ಉಳಿದದ್ದು ಆಮೇಲೆ.” ಅದನ್ನು ತಮಾಷೆ ಎಂದೇ ನಾನು ತಿಳಿದಿದ್ದೆ. ಶಾಲೆಗೆ ಏಳು ಮೆಟ್ಟಿಲು. ನಾಲ್ಕನೆಯದರಲ್ಲಿ ಅವರು ನಿಂತು, ಮಕ್ಕಳ ಆಟ ನೋಡುವವರಂತೆ ಬಯಲಿನ ಕಡೆಗೆ ತಿರುಗುತ್ತಿದ್ದರು. ಬಯಲಿನಲ್ಲಿ ಮಕ್ಕಳಿಲ್ಲದ ಒಂದು ದಿನವೂ ಹಾಗೆಯೇ ನಿಂತದ್ದನ್ನು ನೋಡಿ ನನಗೆ ಗೊತ್ತಾಯಿತು.

ಬಲವಂತ ಮಾಡಿ ಅವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದವನು ನಾನೇ. ಆಗ ಆ ಗುಡ್ಡದ ಮೇಲೆ ಒಂದೊಂದೇ ಹೊಸ ಕಟ್ಟಡ ಏಳುತ್ತಿತ್ತು. ಡಾಕ್ಟರು ಬಹಳ ಹೊತ್ತು ಎದೆಗೂ ಬೆನ್ನಿಗೂ ಕೊಳವೆ ಇಟ್ಟು ಕೇಳಿದರು. ಹೃದಯದ ಕವಾಟ ಸರಿಯಿಲ್ಲ, ಭಾರ ಎತ್ತಬಾರದು, ಏರು ಹತ್ತಬಾರದು ಎಂದರು.

“ಎಷ್ಟು ಸಮಯ ಉಂಟು ಡಾಕ್ಟ್ರೇ?”

“ಅದು ನಾನು ಹೇಳುವ ವಿಷಯ ಅಲ್ಲ ಮಾಸ್ಟ್ರೇ. ಮಾತ್ರೆ ತಪ್ಪಿಸಬೇಡಿ.”

ನಾವು ಗುಡ್ಡ ಇಳಿದೆವು. ಬಸ್ಸಿಗೆ ಕಾಯುತ್ತಾ ಒಮ್ಮೆಲೇ ಕೇಳಿದರು: “ಪೊರ್ಬುಗಳೇ, ಒಳ್ಳೆಯ ಮುರಕಲ್ಲು ಎಲ್ಲಿ ಸಿಗ್ತದೆ?” ನಮ್ಮ ಕಡೆಯ ತುಳುವರು ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

“ಮುರಕಲ್ಲು ಎಂತಕ್ಕೆ?”

“ಮನೆ ಕಟ್ಲಿಕ್ಕೆ.”

ಭಾರ ಎತ್ತಬಾರದು ಎಂದು ಹೇಳಿಸಿಕೊಂಡು ಅರ್ಧ ಗಂಟೆ ಆಗಿರಲಿಲ್ಲ. ನನಗೆ ತಲೆ ಕೆಟ್ಟಿತು, ಬೈದೆ. ಅವರು ಬಸ್ಸಿನಲ್ಲಿ ಕುಳಿತ ಮೇಲೆ ತಮ್ಮ ಅಪ್ಪನ ವಿಷಯ ಹೇಳಿದರು.

ಅದಕ್ಕೆ ಮೊದಲು ಅವರ ಕಟ್ಟಳೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಅವರದು ಅಳಿಯಸಂತಾನದ ಕುಟುಂಬ. ಅಲ್ಲಿ ಮನೆ, ಯಜಮಾನಿಕೆ, ದೈವದ ಸೇವೆ ಮೂರೂ ಮಾವನಿಂದ ಅಳಿಯನಿಗೆ, ಎಂದರೆ ಸೋದರಿಯ ಮಗನಿಗೆ ಹೋಗುತ್ತವೆ. ಮಕ್ಕಳು ತಾಯಿಯ ‘ಬಳಿ’ಗೆ, ಎಂದರೆ ತಾಯಿಯ ವಂಶಕ್ಕೆ ಸೇರಿದವರು. ಗಂಡನ ಕುಟುಂಬದ ಮನೆಯಲ್ಲಿ ಹೆಂಡತಿ ಮಕ್ಕಳು ಸುಖವಾಗಿಯೇ ಇರಬಹುದು, ಅವನು ಬದುಕಿರುವ ತನಕ. ಅವನು ಹೋದ ಮೇಲೆ ಅವರು ತಾಯಿಯ ಮನೆಗೆ ಹಿಂದಿರುಗಬೇಕು.

ಮಾಸ್ಟ್ರ ಅಪ್ಪ ಹೆಬ್ರಿಯ ಕಡೆಯವರು. ಇವರಿಗೆ ಎಂಟು ವರ್ಷವಾಗಿದ್ದಾಗ ಗದ್ದೆಯಲ್ಲಿ ಹಾವು ಕಚ್ಚಿ ಸತ್ತರು. “ಅಪ್ಪನನ್ನು ಅಂಗಳದಲ್ಲಿ ಮಲಗಿಸಿದ್ದರು. ಅಮ್ಮ ಇನ್ನೂ ಅಳ್ತಾ ಇದ್ದಳು. ಒಳಗಿಂದ ಯಾರೋ ಅವಳ ಪೆಟ್ಟಿಗೆ ತಂದು ಜಗಲಿಯಲ್ಲಿಟ್ಟರು. ಕೆಟ್ಟ ಮನಸ್ಸಿನಿಂದ ಅಲ್ಲ ಪೊರ್ಬುಗಳೇ. ದೂರ ಉಂಟು, ಬೆಳಕಿರುವಾಗ ಹೊರಡಲಿ ಅಂತ.” ಹಿರಿಯಡ್ಕದ ತಾಯಿಮನೆಗೆ ಅವರು ಗುಡ್ಡದ ದಾರಿಯಲ್ಲಿ ನಡೆದು ಬಂದರು. ಅಪ್ಪ ಅವರಿಗಾಗಿ ಮರದಲ್ಲಿ ಕೆತ್ತುತ್ತಿದ್ದ ಒಂದು ಎತ್ತಿನ ಗೊಂಬೆ ಅಟ್ಟದಲ್ಲೇ ಉಳಿಯಿತು. ಅದನ್ನು ತೆಗೆದುಕೊಳ್ಳಲೇ ಎಂದು ಕೇಳಲು ಧೈರ್ಯ ಬರಲಿಲ್ಲವಂತೆ.

ಅಕ್ಕನ ಕಾಪುವಿನ ಮನೆಯಲ್ಲಿ ಆಗಲೇ ಮೂವತ್ತು ಜನ. ಹೆಣ್ಣುಮಕ್ಕಳು ಐದನೇ ಕ್ಲಾಸಿಗಿಂತ ಮುಂದೆ ಕಲಿತದ್ದು ಆ ಮನೆಯಲ್ಲಿ ಇರಲಿಲ್ಲ. ಮಾಸ್ಟ್ರು ಆಗ ಇದ್ದದ್ದೂ ಕುಟುಂಬದವರದೇ ಒಂದು ಸಣ್ಣ ಮನೆಯಲ್ಲಿ. ಅವರ ಆಸೆ ದೊಡ್ಡದಲ್ಲ. ತಾನು ಸತ್ತ ಮರುದಿನವೂ ತನ್ನ ಹೆಂಡತಿ ಅದೇ ಒಲೆ ಹಚ್ಚಬೇಕು, ಮಕ್ಕಳು ಅದೇ ಬಾಗಿಲಿನಿಂದ ಶಾಲೆಗೆ ಹೋಗಬೇಕು. ಅದಕ್ಕೆ ಕುಟುಂಬದ್ದಲ್ಲದ ಒಂದು ಮನೆ ಬೇಕು, ಉಸಿರು ನಿಲ್ಲುವ ಮೊದಲು ಬೇಕು.

ರಸ್ತೆಯ ಬದಿಯಲ್ಲೇ ಸ್ವಲ್ಪ ಜಾಗ ಕೊಂಡರು. ಶಾಲೆ ಬಿಟ್ಟ ಮೇಲೆ, ರಜೆಯ ದಿನಗಳಲ್ಲಿ, ಮೇಸ್ತ್ರಿಯ ಜೊತೆ ತಾವೂ ನಿಂತರು. ನಾನು ಪೇಟೆಯಲ್ಲೇ ಕೋಣೆ ಮಾಡಿಕೊಂಡಿದ್ದೆ. ಅವರು ಕಲ್ಲು ಎತ್ತದಂತೆ ತಡೆಯುವುದು ನನ್ನ ಕೆಲಸವಾಯಿತು. ನಾನು ಆಚೆ ತಿರುಗಿದಾಗ ಎತ್ತುತ್ತಿದ್ದರು. ತುಟಿ ನೀಲಿಯಾಗುವುದನ್ನು ನಾನು ಮೊದಲು ಕಂಡದ್ದು ಆ ದಿನಗಳಲ್ಲಿ.

ಗೋಡೆ ಸೊಂಟದೆತ್ತರ ಬಂದಾಗ ಅವರ ಸೋದರಮಾವ ಬರಲು ಶುರುಮಾಡಿದರು. ಕುಟುಂಬದ ಯಜಮಾನರು, ಎಪ್ಪತ್ತು ದಾಟಿದವರು, ಬಹಳ ಮೆಲುದನಿಯ ಮನುಷ್ಯ. ಒಂದು ದಿನವೂ ಬೈದವರಲ್ಲ. ಕಲ್ಲಿನ ರಾಶಿಯ ಮೇಲೆ ಕೊಡೆ ಬಿಡಿಸಿ ಕುಳಿತು, ಕೆಲಸ ಮುಗಿಯುವ ತನಕ ನೋಡಿ, ಏಳುವಾಗ ಒಂದು ಮಾತು ಹೇಳುತ್ತಿದ್ದರು.

“ಗೋಡೆ ಗಟ್ಟಿ ಉಂಟು ಮಗಾ. ನಾಲ್ಕು ತಲೆಮಾರು ಬರ್ತದೆ. ಯಾರ ತಲೆಮಾರು ಅಂತ ನಾನು ಕೇಳುದಿಲ್ಲ.”

ಇನ್ನೊಮ್ಮೆ, ಸುಮ್ಮನೆ ಆಕಾಶ ನೋಡುತ್ತಾ: “ನಾವು ನೋಡದಿದ್ದರೂ ಅದು ನೋಡ್ತದೆ.”

ಅದು ಎಂದರೆ ಕುಟುಂಬದ ದೈವ. ಅದರ ಹೆಸರನ್ನು ಅವರು ಯಾರೂ ಸುಮ್ಮನೆ ಬಾಯಿಗೆ ತರುತ್ತಿರಲಿಲ್ಲ, ನಾನೂ ಬರೆಯುವುದಿಲ್ಲ.

ಆಮೇಲೆ ಊರು ಲೆಕ್ಕ ಹಿಡಿಯತೊಡಗಿತು. ಎದುರು ಬಾಗಿಲಿನ ದಾರಂದ, ಎಂದರೆ ಚೌಕಟ್ಟು, ಇಟ್ಟ ಮರುದಿನ ಬೆಳಗ್ಗೆ ಅದರ ಮೇಲಿನ ಪಟ್ಟಿಯಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಬಿರುಕು. ಹಸಿ ಮರ, ಅಷ್ಟೇ ಎಂದು ಮಾಸ್ಟ್ರು ನಕ್ಕರು. ಆದರೆ ದಿನಾ ಬಂದ ಕೂಡಲೇ ಹೆಬ್ಬೆರಳಿನಿಂದ ಆ ಬಿರುಕನ್ನು ಸವರಿ, ಅಗಲವಾಗಿದೆಯೇ ಎಂದು ನೋಡುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ ಹಾವಿನ ಪೊರೆ ಸಿಕ್ಕಿತು. ಮೇಸ್ತ್ರಿ ಕೆಲಸ ಬಿಟ್ಟು ಹೋದ, ಇನ್ನೊಬ್ಬನನ್ನು ಕಾರ್ಕಳದಿಂದ ಕರೆತಂದೆವು. ಕ್ಷೌರದಂಗಡಿಯಲ್ಲಿ, ಬಸ್ಸಿಗೆ ಕಾಯುವಲ್ಲಿ, ಜನ ನನ್ನನ್ನು ಕೇಳುತ್ತಿದ್ದರು: “ಮಾಸ್ಟ್ರ ಮಕ್ಕಳು ಹುಷಾರಿದ್ದಾರಲ್ವಾ?” ಕೇಳುವ ರೀತಿಯೇ ಹಾಗಿತ್ತು.

ಕುಟುಂಬದ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ ಎಂಬ ಸೇವೆ ಇರುತ್ತಿತ್ತು. ಆ ವರ್ಷ ನನ್ನನ್ನೂ ಊಟಕ್ಕೆ ಕರೆದಿದ್ದರು. ನಾನು ಅಂಗಳದಾಚೆ ಹಲಸಿನ ಮರದಡಿಯಲ್ಲಿ ನಿಂತಿದ್ದೆ. ಹಗಲು ಹನ್ನೊಂದು ಗಂಟೆ, ಸುಡುವ ಬಿಸಿಲು. ದೈವ ಮೈಮೇಲೆ ಬರುವ ಪಾತ್ರಿ ಉಳಿದ ದಿನಗಳಲ್ಲಿ ಎಳನೀರು ಮಾರುವ ಸಾಧು ಮನುಷ್ಯ. ನನ್ನನ್ನು ಕಂಡರೆ ಮುಂಡು ಇಳಿಸಿ ನಿಲ್ಲುವವನು. ಅವನ ಬಾಯಿಂದ ಬಂದ ಸ್ವರ ಅವನದಾಗಿರಲಿಲ್ಲ. ಅಷ್ಟು ಜನರಲ್ಲಿ ಜಡೆ ಮಾಸ್ಟ್ರ ಮುಂದೆಯೇ ಬಂದು ನಿಂತ.

“ನನ್ನ ಮಗು ಒಂದು ಗೂಡು ಕಟ್ಟಿದೆ. ನೆಲ ಉಂಟು, ಗೋಡೆ ಉಂಟು, ನನ್ನ ನೆರಳಿಲ್ಲ. ನೆರಳಿಲ್ಲದಲ್ಲಿ ಎಳೆಯ ಬಳ್ಳಿ ಬಾಡುವುದುಂಟು. ಬಾಡಿದ ಮೇಲೆ ನನ್ನನ್ನು ಕೇಳಬೇಡ.”

ಮಾಸ್ಟ್ರು ಕೈಮುಗಿದು ನಿಂತಿದ್ದರು. ಅಕ್ಕ ಮಕ್ಕಳನ್ನು ಸೆರಗಿನ ಒಳಗೆ ಎಳೆದುಕೊಂಡದ್ದು ನನಗೆ ಮರದಡಿಯಿಂದ ಕಂಡಿತು. ನಾನು ಮನಸ್ಸಿನಲ್ಲೇ ಶಿಲುಬೆಯ ಗುರುತು ಮಾಡಿಕೊಂಡೆ, ಮತ್ತೆ ಅದಕ್ಕೆ ನಾಚಿಕೊಂಡೆ.

ಎರಡು ವಾರ ಕಳೆಯಲಿಲ್ಲ, ಎರಡನೆಯ ಮಗಳಿಗೆ ಜ್ವರ ಬಂತು. ಹಂಚು ಹೊದಿಸುವ ಕೆಲಸ ಅರ್ಧಕ್ಕೆ ನಿಂತಿತು. ಟೈಫಾಯ್ಡ್ ಎಂದರು ಡಾಕ್ಟರು. ಉಡುಪಿಯಿಂದ ಕ್ಯಾಪ್ಸೂಲು ತಂದದ್ದು ನಾನು. ಆ ಹುಡುಗಿ ಕಣ್ಣು ಗುಳಿಬಿದ್ದು, ತುಟಿ ಒಡೆದು, ಅಪ್ಪನ ಗುರುತೂ ಹತ್ತದೆ ಮಲಗಿತ್ತು. ಒಂದು ಸಂಜೆ ನಾನು ಹೋದಾಗ ಮಾಸ್ಟ್ರು ಅವಳ ಕಾಲ ಬುಡದಲ್ಲಿ, ಅಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

“ಪೊರ್ಬುಗಳೇ, ನೀವು ಹೊರಗಿನವರು. ನಿಮಗೆ ಇದರ ಭಯ ಇಲ್ಲ, ಅದಕ್ಕೇ ಕೇಳುದು,” ಎಂದರು ಮಾಸ್ಟ್ರು. “ಹೊಸ ಮನೆಯಲ್ಲಿ ದೈವಕ್ಕೆ ಕೂರ್ಲಿಕ್ಕೆ ಒಂದು ಮಣೆ ಇಟ್ಟರೆ ಸಾಕು, ಎಲ್ಲ ಸರಿಹೋಗ್ತದೆ ಅಂತ ಮಾವ ಹೇಳಿ ಕಳಿಸಿದ್ದಾರೆ. ಎಂತ ಮಾಡುವ?”

“ಬೇಡ,” ಎಂದರು ಅಕ್ಕ. ಅವರು ನನ್ನ ಮುಂದೆ ಗಂಡನ ಮಾತಿಗೆ ಅಡ್ಡ ಬಂದದ್ದು ಅದೇ ಮೊದಲು. “ಕೂತವರನ್ನು ಏಳಿಸ್ಲಿಕ್ಕೆ ಆಗುದಿಲ್ಲ.”

ನನಗೆ ಆಗ ಇಪ್ಪತ್ತೈದು ವರ್ಷ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ವಯಸ್ಸು, ಸಾಲದ್ದಕ್ಕೆ ಮಾಸ್ಟ್ರ ಕೆಲಸ. ಯಾರು ಏನು ಕೇಳಿದರೂ ಉತ್ತರ ಗೊತ್ತಿರಬೇಕು. ನನಗೆ ದೈವದಲ್ಲಿ ನಂಬಿಕೆ ಇರಲಿಲ್ಲ, ಆದರೆ ಈ ಮನುಷ್ಯನ ಎದೆಗೆ ಇಷ್ಟು ಭಯ ಒಳ್ಳೆಯದಲ್ಲ ಎಂದು ಕಂಡಿತು. ಒಂದು ಮಣೆಯಿಂದ ಭಯ ಹೋಗುವುದಾದರೆ ಹೋಗಲಿ ಎಂದುಕೊಂಡೆ.

“ಇಡಿ ಮಾಸ್ಟ್ರೇ,” ಎಂದೆ. “ನಮ್ಮ ಮನೆಯ ಚಾವಡಿಯಲ್ಲೂ ಆಲ್ತಾರ್ ಉಂಟು. ಯೇಸು ಇದ್ದಾನೆ, ಮಾತೆ ಮರಿಯಮ್ಮ ಇದ್ದಾಳೆ, ದೀಪ ಉಂಟು. ಅದರಿಂದ ನಮ್ಮ ಮನೆ ಇಗರ್ಜಿಯದ್ದಾಗಿದೆಯಾ? ಪಾದ್ರಿಗಳು ಬಂದು ನಮ್ಮನ್ನು ಹೊರಗೆ ಹಾಕಿದ್ದಾರಾ? ದೇವರು ಒಂದು ಮೂಲೆಯಲ್ಲಿ ಇರ್ತಾನೆ, ನಾವು ಉಳಿದ ಮನೆಯಲ್ಲಿ ಇರ್ತೇವೆ. ಅಕ್ಕ, ನೀವು ಸುಮ್ಮನೆ ಹೆದರ್ಬೇಡಿ.”

ಬಹಳ ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತು. ಅಕ್ಕ ನನ್ನ ಮುಖ ನೋಡಿ, ಮಗಳ ಹಣೆಯ ಬಟ್ಟೆಯನ್ನು ತಿರುಗಿಸಿ ಹಾಕಿದರು. ಮಾಸ್ಟ್ರು ಅಲ್ಲೇ ಎದ್ದು, ಮಣೆ ಇಡುತ್ತೇನೆಂದು ಮುಡಿಪು ಕಟ್ಟಿದರು. ಎರಡನೆಯ ದಿನ ಜ್ವರ ಇಳಿಯಿತು. ಕ್ಯಾಪ್ಸೂಲು ಶುರುವಾಗಿ ಒಂದು ವಾರವಾಗಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮನೆ ಒಕ್ಕಲಿನ ದಿನ ಮಾವ ಸ್ವತಃ ಮಣೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದರು. ಅಷ್ಟು ವಯಸ್ಸಾದವರು ಒಂದೂವರೆ ಮೈಲಿ ಎಲ್ಲಿಯೂ ಇಳಿಸದೆ ಹೊತ್ತರು. ಅವರ ಹಿಂದೆ ಗಂಟೆ, ಕತ್ತಿ ಹಿಡಿದುಕೊಂಡು ಮಾಸ್ಟ್ರ ಸೋದರಿಯ ಮಗ, ಎಂದರೆ ಅಳಿಯ, ಇಪ್ಪತ್ತರ ಸಂಕೋಚದ ಗಂಡು. ಒಳಗಿನ ಒಂದು ಪುಟ್ಟ ಕೋಣೆಯಲ್ಲಿ ಮಣೆ ಇಟ್ಟಾಯಿತು. ಮಾಸ್ಟ್ರು ದೀಪ ಹಚ್ಚಿದರು. ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟು, “ಜಾಗ ಸರಿಯಾಗಿ ನೋಡಿಟ್ಟುಕೋ. ನಾಳೆ ದೀಪ ಇಡುವವ ನೀನು,” ಎಂದರು. ನನಗದು ಕೇಳಿಸಿತು. ಹಿರಿಯರು ಹೇಳುವ ಒಂದು ಮಾತು ಎಂದುಕೊಂಡು ಹೋಳಿಗೆಗೆ ಕುಳಿತೆ.

ಮರುದಿನ ಶಾಲೆಯ ನಾಲ್ಕನೆಯ ಮೆಟ್ಟಿಲಿನಲ್ಲಿ ಮಾಸ್ಟ್ರು ನಿಂತಿದ್ದರು.

“ಪೊರ್ಬುಗಳೇ, ನಿಮ್ಮ ಅಪ್ಪನ ನಂತರ ನಿಮ್ಮ ಆಲ್ತಾರಿಗೆ ದೀಪ ಹಚ್ಚುವುದು ಯಾರು?”

“ನಾನು. ನನ್ನ ನಂತರ ನನ್ನ ಮಕ್ಕಳು.”

“ಹೌದು. ನಿಮ್ಮ ಮಕ್ಕಳು,” ಎಂದರು. ಮತ್ತೆ ಬಯಲಿನ ಕಡೆಗೆ ತಿರುಗಿ, “ನನ್ನ ಮಕ್ಕಳು ಆ ದೈವದ ಬಳಿಯವರಲ್ಲ ಅಲ್ವಾ,” ಎಂದರು.

ನನಗೆ ಆಗ ಹೊಳೆಯಿತು. ದೈವ ಇರುವಲ್ಲಿ ಅದರ ವಂಶದವರು ದೀಪ ಇಡಬೇಕು. ಮಾಸ್ಟ್ರು ಇರುವ ತನಕ ಮಾಸ್ಟ್ರು ಇಡುತ್ತಾರೆ. ಆಮೇಲೆ ಅಳಿಯ ಬರಬೇಕು. ದೀಪ ಇಡಲು ಬರುವವನು ಸಂಜೆ ಬಂದು ಹೋಗುವ ನೆಂಟನಲ್ಲ, ಆ ಮನೆಯ ಯಜಮಾನ. ಕುಟುಂಬದ್ದಲ್ಲದ ಮನೆ ಬೇಕೆಂದು ಎದೆ ಒಡೆದುಕೊಂಡು ಕಟ್ಟಿದ್ದನ್ನು, ಮಕ್ಕಳ ಮೇಲಿನ ಭಯದಿಂದ, ಅವರೇ ಕೈಯಾರೆ ಕುಟುಂಬದ ಮನೆ ಮಾಡಿದ್ದರು. ಹಾಗೆ ಮಾಡಿ ಎಂದು ಹೇಳಿದವನು ನಾನು. ನಮ್ಮ ಪದ್ಧತಿಯ ಅಳತೆಗೋಲಿನಿಂದ ಅವರ ಪದ್ಧತಿಯನ್ನು ಅಳೆದಿದ್ದೆ.

ಅವರು ಒಮ್ಮೆಯೂ ನನ್ನನ್ನು ದೂರಲಿಲ್ಲ. ಮಾವನ ಬಳಿಗೆ ಹೋಗಿ, ಮಣೆಯನ್ನು ಕುಟುಂಬದ ಮನೆಗೇ ಹಿಂದೆ ತರಬಹುದೇ ಎಂದು ಕೇಳಿದರು. ಮಾವ ಎಲೆಗೆ ಸುಣ್ಣ ಹಚ್ಚುತ್ತಾ, “ಜ್ವರ ಬಂದದ್ದು ಎರಡನೆಯವಳಿಗಲ್ವಾ? ಸಣ್ಣವಳು ಹುಷಾರಿದ್ದಾಳಾ?” ಎಂದಷ್ಟೇ ಕೇಳಿದರಂತೆ. ಮಾಸ್ಟ್ರು ಎದ್ದು ಬಂದರು.

ಆಮೇಲಿನ ಎರಡು ವರ್ಷ ಆ ಮನೆಗೆ ಹೋಗುವುದೆಂದರೆ ನನಗೆ ಸಂಕಟ. ಆ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ಮಕ್ಕಳು ಅದರ ಮುಂದೆ ಹಾದುಹೋಗುವಾಗ ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ತಿಂಗಳಲ್ಲಿ ಮೂರು ದಿನ ಅಕ್ಕ ಮನೆಯೊಳಗೆ ಕಾಲಿಡುವಂತಿರಲಿಲ್ಲ, ದೈವ ಇರುವ ಮನೆಯಲ್ಲವೇ. ಅವರಿಗಾಗಿ ಹಿತ್ತಿಲಿನಲ್ಲಿ ಒಂದು ಸೋಗೆಯ ಮಾಡು ಇಳಿಸಿ, ಸುತ್ತ ತಡಿಕೆ ಕಟ್ಟಿದವರು ಮಾಸ್ಟ್ರೇ. ತಡಿಕೆ ಕಟ್ಟುವಾಗ ಮೂರು ಸಲ ಕುಳಿತು ಉಸಿರು ಎಳೆದುಕೊಂಡರು. ಕೊನೆಗೆ ಹಿರಿಯ ಮಗಳಿಗೂ ಅಲ್ಲಿ ಮಲಗುವ ವಯಸ್ಸು ಬಂತು. ಆ ಸಂಜೆ ಅವರು ನನ್ನ ಜೊತೆ ರಸ್ತೆಯ ತನಕ ನಡೆದು ಬಂದು, “ನಾನು ಯಾರಿಗೆ ಕಟ್ಟಿದೆ ಮಾರಾಯ್ರೆ?” ಎಂದರು.

ಆದರೂ ಅವರು ಕೈಚೆಲ್ಲಿ ಕುಳಿತವರಲ್ಲ. ಉಡುಪಿಯಲ್ಲಿ ಒಬ್ಬ ವಕೀಲರನ್ನು ಕಂಡರು. ಕಾನೂನು ಬದಲಾಗಿದೆ, ನೀವು ಸಂಪಾದಿಸಿ ಕಟ್ಟಿದ್ದನ್ನು ನಿಮಗೆ ಬೇಕಾದವರಿಗೆ ಬರೆದಿಡಬಹುದು ಎಂದರು ವಕೀಲರು. ಮಾಸ್ಟ್ರು ಮನೆಯನ್ನು ಅಕ್ಕನ ಹೆಸರಿಗೆ ಉಯಿಲು ಬರೆದರು. ಸಾಕ್ಷಿ ಹಾಕಿದವನು ನಾನು. ಸಹಿ ಮಾಡಿ ಪೆನ್ನು ಮುಚ್ಚುವಾಗ, “ಆ ಕೋಣೆ ಒಂದಕ್ಕೆ ಎಂತ ಬರೆಯುವುದು?” ಎಂದು ಕೇಳಿದರು. ವಕೀಲರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಅದು ಹಿರಿಯವಳು ಹತ್ತನೇ ಕ್ಲಾಸು ದಾಟಿ, ಆಗ ಹನ್ನೊಂದನೆಯದರಲ್ಲಿರುತ್ತಿದ್ದ ಪಬ್ಲಿಕ್ ಪರೀಕ್ಷೆಗೆ ಕುಳಿತುಕೊಳ್ಳುವ ವರ್ಷ. ಅವಳ ಪರೀಕ್ಷೆ ಮುಗಿಯುವ ತನಕವಾದರೂ ಉಸಿರು ಬೇಕು ಎನ್ನುತ್ತಿದ್ದರು. ಕಾಲು ಬಾತುಕೊಳ್ಳುತ್ತಿತ್ತು. ಚಪ್ಪಲಿಯ ಬಾರು ಕತ್ತರಿಸಿ ಹಗ್ಗ ಕಟ್ಟಿಕೊಂಡು ಶಾಲೆಗೆ ಬರುತ್ತಿದ್ದರು. ಬೆಳಗ್ಗೆ ಜಡೆ ಹೆಣೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಹಿರಿಯವಳು ನಾಚಿ ತಾನೇ ಬಾಚಿಕೊಳ್ಳುತ್ತೇನೆ ಎಂದರೆ, “ಇನ್ನು ಎಷ್ಟು ದಿನ, ಕೂತುಕೋ,” ಎನ್ನುತ್ತಿದ್ದರು.

ಒಂದು ಚಳಿಗಾಲದ ಬೆಳಗ್ಗೆ ಮಣಿಪಾಲಕ್ಕೆ ಮಾತ್ರೆ ತರಲು ಒಬ್ಬರೇ ಹೋದರು. ನಾನು ಬರುತ್ತೇನೆಂದರೂ, ಎರಡು ಕ್ಲಾಸು ಖಾಲಿಯಾಗುತ್ತದೆ ಎಂದು ಬಿಟ್ಟುಹೋದರು. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಸಿಕ್ಕಿತ್ತು. ನಿದ್ದೆ ಬಂದಿದೆ ಎಂದು ಕಂಡಕ್ಟರು ಎಬ್ಬಿಸಲಿಲ್ಲ. ಬಸ್ಸು ಅವರ ಮನೆಯ ಮುಂದೆಯೇ ಹಾದು, ಹಿರಿಯಡ್ಕ ಬಿಟ್ಟು, ಕಾರ್ಕಳದ ಸ್ಟ್ಯಾಂಡಿಗೆ ಹೋಗಿ ನಿಂತಿತು. ಎಲ್ಲರೂ ಇಳಿದ ಮೇಲೆ ಕಂಡಕ್ಟರು ಹೆಗಲು ಮುಟ್ಟಿದ. ಮಡಿಲಿನಲ್ಲಿ ಮಾತ್ರೆಯ ಪೊಟ್ಟಣ ಹಾಗೆಯೇ ಇತ್ತು. ಅಕ್ಕ ಆ ಹೊತ್ತಿಗೆ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದರಂತೆ, ಬಸ್ಸು ನಿಲ್ಲದೆ ಹೋದದ್ದನ್ನು ನೋಡಿ ಮುಂದಿನ ಬಸ್ಸಿನಲ್ಲಿ ಬರುತ್ತಾರೆ ಎಂದುಕೊಂಡರಂತೆ.

ಕುಟುಂಬದವರು ಎಲ್ಲವನ್ನೂ ಮರ್ಯಾದೆಯಿಂದ ಮಾಡಿದರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹದಿಮೂರನೆಯ ದಿನ ಊಟಕ್ಕೆ ಮೊದಲು ಹಿರಿಯರು ಜಗಲಿಯಲ್ಲಿ ಕುಳಿತರು. ಅಕ್ಕ ಬಾಗಿಲಿನ ಒಳಗೆ, ಮಕ್ಕಳು ಅವರ ಹಿಂದೆ. ಅಳಿಯ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಮಾತು ತೆಗೆದವರು ಮಾವ.

“ನಿನ್ನನ್ನು ಹೋಗು ಅಂತ ನಾವು ಯಾರೂ ಹೇಳುದಿಲ್ಲ ಮಗಳೇ. ಅವನು ಕಾಗದ ಮಾಡಿಟ್ಟಿದ್ದಾನೆ ಅಂತಲೂ ಗೊತ್ತುಂಟು. ಆದರೆ ಹದಿಮೂರು ದಿನದಿಂದ ಒಳಗೆ ದೀಪ ಇಲ್ಲ. ನೀನು ಇಡುವ ಹಾಗಿಲ್ಲ, ನಿನ್ನ ಮಕ್ಕಳು ಇಡುವ ಹಾಗಿಲ್ಲ. ಕತ್ತಲೆಯಲ್ಲಿ ಅದನ್ನು ಕೂರಿಸಿಕೊಂಡು ಮೂರು ಹೆಣ್ಣುಮಕ್ಕಳ ಜೊತೆ ಹೇಗೆ ಇರ್ತಿ? ನೀನೇ ಹೇಳು.”

ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. “ಇದು ನ್ಯಾಯ ಅಲ್ಲ,” ಎಂದೆ. “ಉಯಿಲಿಗೆ ಸಾಕ್ಷಿ ಹಾಕಿದವ ನಾನು. ಮನೆ ಅಕ್ಕನದ್ದು. ಕೋರ್ಟಿಗೆ ಹೋದರೆ ಗೆಲ್ಲುವುದು ಅಕ್ಕನೇ. ಅಕ್ಕ, ನೀವು ಹೆದರ್ಬೇಡಿ, ನಾನು…”

“ಪೊರ್ಬುಗಳೇ,” ಎಂದರು ಅಕ್ಕ. ಸ್ವರ ಏರಿಸಲೂ ಇಲ್ಲ. “ಈ ಮನೆಯ ವಿಷಯದಲ್ಲಿ ನೀವು ಒಂದು ಸಲ ಹೇಳಿ ಆಗಿದೆ. ಸಾಕು.”

ನಾನು ಕುಳಿತುಕೊಂಡೆ. ಆ ಎರಡು ವರ್ಷವೂ ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ನನಗೆ ಚಹಾ ಕೊಟ್ಟಿದ್ದರು, ಊಟ ಬಡಿಸಿದ್ದರು.

ಊಟವಾದ ಮೇಲೆ ಉಡುಪಿಗೆ ಒಂದು ಬಸ್ಸಿತ್ತು, ಅಲ್ಲಿಂದ ಕಾಪುವಿಗೆ ಇನ್ನೊಂದು. ತಾಯಿ ಮಕ್ಕಳು ರಸ್ತೆಯ ಬದಿಯಲ್ಲಿ ನಿಂತರು. ಹಿರಿಯವಳ ಪರೀಕ್ಷೆಗೆ ಎರಡು ತಿಂಗಳಿತ್ತು. ಅವಳ ಪುಸ್ತಕಗಳನ್ನು ಕಟ್ಟಿಕೊಡಲೇ ಎಂದು ಕೇಳಿದೆ. ಅಕ್ಕ ಬೇಡವೆಂದು ತಲೆಯಾಡಿಸಿದರು. ಹುಡುಗಿ ತಾಯಿಯ ಮುಖ ನೋಡಿ, ತಂಗಿಯ ಕೈ ಹಿಡಿದುಕೊಂಡಿತು. ಬಸ್ಸು ತಿರುವಿನಲ್ಲಿ ಕಾಣಿಸಿತು. ಆ ಡ್ರೈವರು ಅಲ್ಲಿ ನಿಲ್ಲಿಸುವವನಲ್ಲ, ಯಾರಾದರೂ ರಸ್ತೆಗಿಳಿದು ಅಡ್ಡ ನಿಲ್ಲಬೇಕಿತ್ತು. ಅಳಿಯ ಮನೆಯೊಳಗಿದ್ದ, ಉಳಿದವರು ಜಗಲಿಯಲ್ಲಿದ್ದರು. ರಸ್ತೆಗಿಳಿದು ಕೈ ಚಾಚಿ ಬಸ್ಸು ನಿಲ್ಲಿಸಿದವನು ನಾನೇ.